ಸಿಟ್ಟು ನನ್ನದು, ಅದಕ್ಕೆ ಗುಂಪಿನಲ್ಲಿ ಯಾಕೆ ಕೂರಬೇಕು?

ಪ್ರಶ್ನೆ: ನನಗೆ ಮೂಗಿನ ತುದಿಯಲ್ಲೇ ಕೋಪ. ಆಡಬಾರದ ಮಾತು ಆಡಿಬಿಡುತ್ತೇನೆ, ಆಮೇಲೆ ಒದ್ದಾಡುತ್ತೇನೆ. ಸಿಟ್ಟು ನಿಭಾಯಿಸುವ ಗುಂಪು ತರಬೇತಿಗೆ ಸೇರಿ ಎಂದು ಡಾಕ್ಟರು ಹೇಳಿದ್ದಾರೆ. ಗುರುತು ಪರಿಚಯ ಇಲ್ಲದವರ ಮುಂದೆ ಮನೆಯ ವಿಷಯ ಹೇಳಿಕೊಳ್ಳಬೇಕಾ? ನಾನೊಬ್ಬನೇ ಕೌನ್ಸೆಲರ್ ಹತ್ತಿರ ಹೋದರೆ ಸಾಲದಾ?

ಉತ್ತರ: ಮನೆಯ ವಿಷಯ ಬಿಚ್ಚಿಡಲೇಬೇಕು ಎಂದೇನಿಲ್ಲ. ಇದು ಗೋಳು ಹೇಳಿಕೊಳ್ಳುವ ಸಭೆಗಿಂತ ಕ್ಲಾಸಿಗೆ ಹತ್ತಿರ. ಅಮೆರಿಕದ ಸರ್ಕಾರಿ ಸಂಸ್ಥೆ ಸಾಮ್ಸಾ ಹೊರತಂದ ಕೈಪಿಡಿಯನ್ನೇ ನೋಡಿ. ಅದನ್ನು ಬರೆದದ್ದು ಕುಡಿತ, ಮಾದಕವಸ್ತುಗಳ ಚಿಕಿತ್ಸೆಯಲ್ಲಿದ್ದವರಿಗಾಗಿ, ಆದರೆ ಬೇರೆ ಕಡೆಯೂ ಬಳಕೆಗೆ ಬಂತು. 12 ವಾರ, ವಾರಕ್ಕೆ 90 ನಿಮಿಷ, 5ರಿಂದ 10 ಜನ. ಪ್ರತಿ ವಾರ ಎಲ್ಲರಿಗೂ ಹೆಚ್ಚುಕಡಿಮೆ ಅದೇ ಪ್ರಶ್ನೆ: ಈ ವಾರ ನಿಮ್ಮ ಸಿಟ್ಟು 10ರಲ್ಲಿ ಎಷ್ಟಕ್ಕೆ ಏರಿತ್ತು? ಏನಾಗಿತ್ತು? ಮೈಯಲ್ಲಿ ಏನು ಗೊತ್ತಾಯಿತು? ನೀವೇನು ಮಾಡಿದಿರಿ? ಇಷ್ಟಕ್ಕೆ ಉತ್ತರ ಹೇಳಲು ಮನೆಯ ಚರಿತ್ರೆ ಬೇಕಾಗುವುದಿಲ್ಲ, ಅಲ್ವಾ?

ಇನ್ನು ಗುಂಪೇ ಯಾಕೆ ಎಂಬುದು. ಸಿಟ್ಟು ಬರುವುದು ಹೆಚ್ಚಾಗಿ ಜನರ ನಡುವೆ. ಕೌನ್ಸೆಲರ್ ಮುಂದೆ ಕೂತಾಗ ನೀವು ಸಿಟ್ಟಿನ ಬಗ್ಗೆ ಹೇಳುತ್ತೀರಿ. ಅವರು ತಾಳ್ಮೆಯಿಂದ ಕೇಳುತ್ತಾರೆ, ನಡುವೆ ಬಾಯಿ ಹಾಕುವುದಿಲ್ಲ. ಗುಂಪಿನಲ್ಲಿ ಹಾಗಲ್ಲ. ಒಬ್ಬರು ತಡವಾಗಿ ಬರುತ್ತಾರೆ, ಇನ್ನೊಬ್ಬರು ಮಾತು ನಿಲ್ಲಿಸುವುದೇ ಇಲ್ಲ, ಮತ್ತೊಬ್ಬರು ನಿಮಗೆ ಉಪದೇಶ ಶುರು ಮಾಡುತ್ತಾರೆ. ರೇಗುವುದಕ್ಕೆ ಬೇಕಾದ್ದೆಲ್ಲ ಅಲ್ಲೇ ಇದೆ! ಆದರೆ ಸಣ್ಣ ಪ್ರಮಾಣದಲ್ಲಿ, ಎಚ್ಚರಿಸುವವರು ಪಕ್ಕದಲ್ಲಿರುವಾಗ.

ಅಭಿನಯವೂ ಇರುತ್ತದೆ. ಒಬ್ಬರು ನಿಮ್ಮ ಅಣ್ಣನ ಪಾತ್ರ ಮಾಡುತ್ತಾರೆ, ನೀವು ಹೇಳಬೇಕಾದ್ದನ್ನು ಹೇಳುತ್ತೀರಿ. ‘ಎರಡನೇ ಮಾತಿಗೇ ದನಿ ಏರಿತು’ ಎಂದು ಯಾರೋ ತೋರಿಸಿಕೊಡುತ್ತಾರೆ. ಮತ್ತೆ ಮೊದಲಿನಿಂದ. ಅಮೆರಿಕದ ಮನಶ್ಶಾಸ್ತ್ರಜ್ಞ ರೇಮಂಡ್ ನೊವಾಕೊ 1970ರ ದಶಕದಲ್ಲೇ ಇಂಥ ಅಭ್ಯಾಸಕ್ಕೆ ಒಂದು ಕ್ರಮ ಕೊಟ್ಟರು. ಮೊದಲು ಸಣ್ಣ ಕೆಣಕುವಿಕೆ, ಆಮೇಲೆ ದೊಡ್ಡದು. ತಲೆ ತಣ್ಣಗಿದ್ದಾಗ ಬಾಯಿಗೆ ರೂಢಿಯಾದ ಮಾತು ಮಾತ್ರ ತಲೆ ಬಿಸಿಯಾದಾಗ ಸಿಗುತ್ತದೆ. ಇನ್ನೊಂದು ಲಾಭ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ‘ಅವನೇ ಶುರು ಮಾಡಿದ್ದು’ ಎಂಬ ನಿಮ್ಮದೇ ನೆಪವನ್ನು ಬೇರೆಯವರ ಬಾಯಲ್ಲಿ ಕೇಳಿದಾಗ ಅದರ ಪೊಳ್ಳುತನ ಚೆನ್ನಾಗಿ ಕೇಳಿಸುತ್ತದೆ.

ಅಲ್ಲಿ ಕೂಗಾಡಿ, ದಿಂಬಿಗೆ ಗುದ್ದಿ ಸಿಟ್ಟು ‘ಹೊರಹಾಕಿಸುತ್ತಾರೆ’ ಎಂದುಕೊಂಡಿದ್ದರೆ ಅದನ್ನು ಬಿಡಿ. 2002ರಲ್ಲಿ ಅಮೆರಿಕದ ಸಂಶೋಧಕ ಬ್ರಾಡ್ ಬುಶ್ಮನ್ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ತರಿಸಿದವರನ್ನು ನೆನೆಯುತ್ತಾ ಗುದ್ದುಚೀಲಕ್ಕೆ ಹೊಡೆದವರ ಸಿಟ್ಟು, ಸುಮ್ನೆ ಕೂತವರದಕ್ಕಿಂತ ಜಾಸ್ತಿಯಿತ್ತು. 2024ರಲ್ಲಿ ಅವರೂ ಸೋಫಿ ಶೇರ್ವಿಕ್ ಅವರೂ 154 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗಲೂ ಮಾತು ಅದೇ: ಮೈಯ ಕಾವು ಇಳಿಸುವ ಉಸಿರಾಟ, ಧ್ಯಾನ, ಸ್ನಾಯು ಸಡಿಲಿಸುವಿಕೆ ಕೆಲಸ ಮಾಡುತ್ತವೆ. ಓಡಿ ಸಿಟ್ಟು ಇಳಿಸುತ್ತೇನೆ ಎನ್ನುವುದೂ ಅಷ್ಟಾಗಿ ನಡೆಯುವುದಿಲ್ಲ. ಆರೋಗ್ಯಕ್ಕೆ ಓಡಿ, ಅದು ಬೇರೆ.

ಕಲಿಸುವ ಕೌಶಲಗಳಲ್ಲಿ ಜನ ಹೆಚ್ಚು ತಪ್ಪು ಮಾಡುವುದು ಟೈಮ್ ಔಟ್‌ನಲ್ಲಿ, ಅಂದರೆ ಸಿಟ್ಟು ಏರುವಾಗ ಸ್ವಲ್ಪ ಹೊತ್ತು ಅಲ್ಲಿಂದ ದೂರ ಹೋಗುವುದರಲ್ಲಿ. ಬಾಗಿಲು ಬಡಿದು ಹೊರಟು ಹೋಗುವುದು ಟೈಮ್ ಔಟ್ ಅಲ್ಲ, ಅದೂ ಜಗಳದ ಭಾಗವೇ. ಸಿಟ್ಟಿಲ್ಲದ ದಿನ ಮನೆಯವರ ಜೊತೆ ಮೊದಲೇ ಮಾತಾಡಿಕೊಂಡಿರಬೇಕು. ‘ನನಗೆ ಸಿಟ್ಟು ಏರುತ್ತಿದೆ, ಅರ್ಧ ಗಂಟೆ ಬಿಟ್ಟು ಬರುತ್ತೇನೆ’ ಎಂದು ಹೇಳಿ ಹೋಗಬೇಕು. ಹೋದ ಮೇಲೆ ಅದನ್ನೇ ಮೆಲುಕು ಹಾಕಬಾರದು. ಮತ್ತೆ, ಹೇಳಿದ ಹೊತ್ತಿಗೆ ವಾಪಸ್ ಬರಬೇಕು. ಈ ಕೊನೆಯದನ್ನೇ ಎಲ್ಲರೂ ಮರೆಯುವುದು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ರೂಪಿಸಿದ, ಉಕ್ಕುವ ಭಾವನೆಗಳನ್ನು ನಿಭಾಯಿಸಲು ಕಲಿಸುವ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಚಿಕಿತ್ಸೆಯ ಕೌಶಲಗಳನ್ನೂ ಕೆಲವು ಕಡೆ ಹೇಳಿಕೊಡುತ್ತಾರೆ. ನಡೆದದ್ದು ಏನು, ಅದಕ್ಕೆ ನಾವು ಕಟ್ಟಿಕೊಂಡ ಅರ್ಥ ಏನು ಎಂದು ಬೇರ್ಪಡಿಸುವುದು ಒಂದು. ಮುಖಕ್ಕೆ ತಣ್ಣೀರು ಹಿಡಿದು ಎದೆಬಡಿತ ಇಳಿಸುವುದು ಇನ್ನೊಂದು (ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಮಾಡಬೇಕು). ಆ ಚಿಕಿತ್ಸೆಯಲ್ಲಿ ಗುಂಪು ತರಬೇತಿ ಮತ್ತು ಒಬ್ಬರೇ ಹೋಗುವ ಕೌನ್ಸೆಲಿಂಗ್ ಎರಡೂ ಜೊತೆಜೊತೆಗೇ ಸಾಗುತ್ತವೆ. ಹಾಗಾಗಿ ನೀವೂ ಒಂದನ್ನೇ ಆರಿಸಬೇಕಿಲ್ಲ. ಸಿಟ್ಟಿನ ಹಿಂದೆ ಹಳೆಯ ಆಘಾತವೋ ಖಿನ್ನತೆಯೋ ಇದ್ದರೆ ಕೌನ್ಸೆಲಿಂಗ್ ಬೇಕೇ ಬೇಕು.

ಒಂದು ಕಡೆ ಮಾತ್ರ ನಾನು ಈ ಗುಂಪು ಬೇಡ ಎನ್ನುತ್ತೇನೆ. ಹೊರಗೆ ಎಲ್ಲರ ಹತ್ತಿರ ನಯವಾಗಿದ್ದು, ಮನೆಯಲ್ಲಿ ಸಂಗಾತಿಯನ್ನು ಹೊಡೆದು, ಹೆದರಿಸಿ ಹಿಡಿತದಲ್ಲಿ ಇಟ್ಟುಕೊಳ್ಳುವವರ ಸಮಸ್ಯೆ ಸಿಟ್ಟಿನದಲ್ಲ. ಅದಕ್ಕೆ ಬೇರೆಯೇ ಕಾರ್ಯಕ್ರಮಗಳಿವೆ. ಅಲ್ಲಿ ಹೊಡೆತ ತಿನ್ನುವವರ ಸುರಕ್ಷತೆ ಮೊದಲು.

ಸೇರುವ ಮುಂಚೆ ಕೇಳಿ: ನಡೆಸುವವರ ತರಬೇತಿ ಏನು? ಇಲ್ಲಿ ಹೇಳಿದ್ದು ಹೊರಗೆ ಹೋಗಬಾರದು ಎಂಬ ನಿಯಮ ಇದೆಯಾ? ಮೊದಲ ಕೆಲವು ವಾರ ಬರೀ ಕೇಳಿಸಿಕೊಂಡು ಕೂರಬಹುದಾ? ಮೂರನೇ, ನಾಲ್ಕನೇ ವಾರದ ಹೊತ್ತಿಗೆ ಗುಂಪಿನಲ್ಲೇ ಯಾರ ಮೇಲಾದರೂ ಸಿಟ್ಟು ಬಂದರೆ ಬಿಟ್ಟು ಬರಬೇಡಿ. ನಿಮ್ಮ ಸರದಿ ಬಂದಾಗ 10ರಲ್ಲಿ ಎಷ್ಟಿತ್ತು ಎಂದು ಅಲ್ಲೇ ಹೇಳಿ.