ಬ್ಯೂರೆಟ್ ಯಾರ ಕೈಯಲ್ಲಿದೆ?

ಮೊದಲ ಸೆಮಿಸ್ಟರ್‌ನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಮೊದಲು ನೋಡುವುದು ಬ್ಯೂರೆಟ್, ಅಂದರೆ ದ್ರಾವಣವನ್ನು ಹನಿಹನಿಯಾಗಿ ಬಿಡುವ ನಲ್ಲಿಯುಳ್ಳ ಗಾಜಿನ ಅಳತೆ ಕೊಳವೆ, ಯಾರ ಕೈಯಲ್ಲಿದೆ ಎಂಬುದನ್ನು. ನಾಲ್ವರ ಗುಂಪಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದ ಹುಡುಗ ತಾನಾಗಿಯೇ ನಲ್ಲಿ ತಿರುಗಿಸಲು ನಿಲ್ಲುತ್ತಾನೆ. ಕನ್ನಡ ಶಾಲೆಯಲ್ಲಿ ಓದಿ, ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಹುಡುಗಿ ಪಕ್ಕದಲ್ಲಿ ನಿಂತು ರೀಡಿಂಗ್ ಬರೆದುಕೊಳ್ಳುತ್ತಾಳೆ. ಅವಳ ರೆಕಾರ್ಡ್ ಪುಸ್ತಕ ಅಚ್ಚುಕಟ್ಟಾಗಿರುತ್ತದೆ, ಆದರೆ ಒಂದೇ ಹನಿಗೆ ದ್ರಾವಣ ತೆಳುಗುಲಾಬಿಗೆ ತಿರುಗುವ ಆ ಕ್ಷಣ ಅವಳ ಕೈಗೆ ಸಿಕ್ಕಿರುವುದಿಲ್ಲ. ಈಗ ನಮ್ಮಲ್ಲಿ, ಹೀಗೆ ಹನಿಹನಿಯಾಗಿ ಬೆರೆಸಿ ಅಳೆಯುವ ಪ್ರತಿ ಟೈಟ್ರೇಷನ್‌ಗೂ ಕೈ ಬದಲಾಗಲೇಬೇಕು. ಇದಕ್ಕೆ ಅನುದಾನವೂ ಬೇಕಿಲ್ಲ, ಸುತ್ತೋಲೆಯೂ ಬೇಕಿಲ್ಲ.

ವಿಜ್ಞಾನ ಕಲಿಕೆಗೆ ಪೂರಕ ವಾತಾವರಣವೆಂದರೆ ಹಿಂದುಳಿದವರಿಗೆ ಹೆಚ್ಚುವರಿ ತರಗತಿ ನಡೆಸುವುದು ಎಂದೇ ನಾನೂ ಬಹುಕಾಲ ನಂಬಿದ್ದೆ. ಸಂಜೆ ನಾಲ್ಕರ ನಂತರ ತರಗತಿ ಇಟ್ಟರೆ ಹಾಸ್ಟೆಲಿನವರು ಮಾತ್ರ ಬರುತ್ತಿದ್ದರು. ಕೊಡಗಿನ ಶನಿವಾರಸಂತೆ ಊರಿನ ಕಡೆ ಹೋಗುವ ಬಸ್ಸು ತಪ್ಪಿದರೆ ಮಳೆಗಾಲದ ಕತ್ತಲಲ್ಲಿ ಮನೆ ಸೇರುವುದು ಹೇಗೆಂಬ ಚಿಂತೆಯಲ್ಲಿದ್ದವರನ್ನು ನಾನು ಆಸಕ್ತಿಯಿಲ್ಲದವರ ಪಟ್ಟಿಗೆ ಸೇರಿಸಿಬಿಟ್ಟಿದ್ದೆ. ವೇಳಾಪಟ್ಟಿಯೊಳಗೆ ಜಾಗವಿಲ್ಲದ ನೆರವು, ಅದು ಯಾರಿಗೆ ಬೇಕೋ ಅವರನ್ನು ಬಿಟ್ಟು ಉಳಿದವರನ್ನೆಲ್ಲ ತಲುಪುತ್ತದೆ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಉರಿ ಟ್ರೈಸ್‌ಮನ್ ಎಂಬ ಗಣಿತಜ್ಞ, ಕಪ್ಪು ವರ್ಣೀಯ ವಿದ್ಯಾರ್ಥಿಗಳು ಕಲನಶಾಸ್ತ್ರದಲ್ಲಿ ಏಕೆ ಸೋಲುತ್ತಾರೆಂದು ಹುಡುಕಿದರು. ಆ ವಿದ್ಯಾರ್ಥಿಗಳ ಶ್ರಮಕ್ಕೇನೂ ಕೊರತೆಯಿರಲಿಲ್ಲ, ಆದರೆ ಬಹುಪಾಲು ಒಬ್ಬಂಟಿಯಾಗಿ ಓದುತ್ತಿದ್ದರು. ಚೀನೀ ಮೂಲದ ವಿದ್ಯಾರ್ಥಿಗಳು ಮಾತ್ರ ಒಟ್ಟಿಗೆ ಕೂತು ಉತ್ತರಗಳನ್ನು ತಾಳೆ ನೋಡುತ್ತಿದ್ದರು. ಟ್ರೈಸ್‌ಮನ್ ಆರಂಭಿಸಿದ ಕಾರ್ಯಾಗಾರದಲ್ಲಿ ಸುಲಭದ ಲೆಕ್ಕಗಳಿರಲಿಲ್ಲ. ಗುಂಪಿನಲ್ಲಿ ಬಿಡಿಸಬೇಕಾದ ಕಠಿಣ ಲೆಕ್ಕಗಳಿದ್ದವು. ನಮ್ಮ ಪರಿಹಾರ ಬೋಧನೆ ತಪ್ಪುವುದು ಇಲ್ಲಿಯೇ ಎನಿಸುತ್ತದೆ: ಸೋತವರಿಗೆ ನಾವು ಕಷ್ಟವನ್ನು ಇಳಿಸುತ್ತೇವೆಯೇ ಹೊರತು ಜೊತೆಯನ್ನು ಕೊಡುವುದಿಲ್ಲ.

ಇದು ಹೊಳೆದಂದಿನಿಂದ ವಾರದ ಒಂದು ಪಾಠದ ಅವಧಿಯನ್ನೇ ಗುಂಪಿನ ಕೆಲಸಕ್ಕೆ ಬಿಟ್ಟಿದ್ದೇನೆ. ಆಮ್ಲೀಯತೆಯ ಅಳತೆಯಾದ ಪಿಎಚ್‌ನ ಪಾಠ ಬಂದಾಗ ಎಲ್ಲರೂ ಮನೆಯ ಬಳಿಯ ಒಂದು ಹಿಡಿ ಮಣ್ಣು ತರುತ್ತಾರೆ. ಕೊಡಗಿನ ಜಡಿಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದೊಯ್ಯುವುದರಿಂದ ಮಣ್ಣು ಆಮ್ಲೀಯವಾಗುತ್ತದೆ, ಅದಕ್ಕಾಗಿಯೇ ಕಾಫಿ ತೋಟಕ್ಕೆ ಸುಣ್ಣ ಹಾಕುತ್ತಾರೆ. ಪಿಎಚ್ 6ರಿಂದ 5ಕ್ಕೆ ಇಳಿದರೆ ಹೈಡ್ರೋಜನ್ ಅಯಾನುಗಳ ಸಾಂದ್ರತೆ ಹತ್ತು ಪಟ್ಟು ಏರುತ್ತದೆಂಬುದು ಕಪ್ಪುಹಲಗೆಯ ಮೇಲೆ ಬರಿಯ ಲಾಗರಿದಮ್. ಮೀಟರಿನ ಮುಂದೆ ಅದು ಅವರವರ ಮನೆಯ ಸುದ್ದಿ.

ಕಳೆದ ಬಾರಿ, ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು, "ಸರ್, ಸುಣ್ಣ ಹಾಕಿದ ಕೂಡಲೇ ಗೊಬ್ಬರ ಹಾಕಬೇಡಿ ಅಂತ ತೋಟದ ಕೆಲಸ ನೋಡಿಕೊಳ್ಳೋ ರೈಟರ್ ಅಮ್ಮನಿಗೆ ಹೇಳ್ತಾರೆ, ಯಾಕೆ?" ಎಂದಳು. ಉತ್ತರ ಹೇಳದೆ, ಒಂದು ಪ್ರನಾಳದಲ್ಲಿ ಅಮೋನಿಯಂ ಸಲ್ಫೇಟಿನ ಜೊತೆ ಒದ್ದೆ ಸುಣ್ಣ ಹಾಕಿ ಬೆಚ್ಚಗೆ ಮಾಡಲು ಅವಳಿಗೇ ಕೊಟ್ಟೆ. ಅಮೋನಿಯಾದ ಘಾಟು ಮೂಗಿಗೆ ಬಡಿದಾಗ, ಗೊಬ್ಬರದ ಸಾರಜನಕ ಗಾಳಿಪಾಲಾಗುವುದನ್ನು ಉಳಿದ ಮೂವರಿಗೆ ಅವಳೇ ವಿವರಿಸಿದಳು, ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ. ಸಮೀಕರಣವನ್ನು ಸರಿದೂಗಿಸುವಷ್ಟರಲ್ಲಿ ಗಂಟೆ ಮೂರೂವರೆ. ಬಸ್ಸಿಗೆ ಇನ್ನೂ ಸಮಯವಿತ್ತು.