ಮಾಂಸ ಇಲ್ಲದ ಟೆಕ್ಸಸ್ ಚಿಲಿ: ಕಾಳು ಸರಿಯಾಗಿ ಬೆಂದ್ರೆ ಅರ್ಧ ಗೆದ್ದ ಹಾಗೆ

ನಾನು ಟೆಕ್ಸಸ್‌ನಲ್ಲಿ ಅಡುಗೆ ಕೆಲಸ ಮಾಡೋದು. ಚಿಲಿ ಅಂದ್ರೆ ಒಣ ಮೆಣಸಿನಕಾಯಿ, ಜೀರಿಗೆ ಹಾಕಿ ಮಾಂಸನ ಗಂಟೆಗಟ್ಟಲೆ ಕುದಿಸಿ ಮಾಡೋ ಇಲ್ಲಿನ ಗಟ್ಟಿ ಗೊಜ್ಜು. ಚಳಿ ಶುರುವಾದ್ರೆ ಇಲ್ಲಿರೋ ನಮ್ಮ ಕನ್ನಡದವರು ಒಬ್ಬರಲ್ಲ ಒಬ್ಬರು ಕೇಳ್ತಾರೆ, ಮಾಂಸ ಹಾಕ್ದೇ ಚಿಲಿ ಮಾಡಿದ್ರೆ ಯಾಕೆ ಅದು ಟೊಮೆಟೊ ಸಾರಿಗೆ ರಾಜ್ಮಾ ಸುರಿದ ಹಾಗೆ ಆಗುತ್ತೆ ಅಂತ. ಯಾಕಂದ್ರೆ ಮಾಂಸ ತೆಗೆದು ಆ ಜಾಗಕ್ಕೆ ಏನೂ ಹಾಕಿರಲ್ಲ. ಗಂಟೆಗಟ್ಟಲೆ ಕುದಿಯೋ ಮಾಂಸದಿಂದ ಕೊಬ್ಬು ಬಿಡುತ್ತೆ, ಮೆಣಸಿನಕಾಯಿ ಬಣ್ಣ, ಜೀರಿಗೆ ಘಮ ಎಲ್ಲಾ ಆ ಕೊಬ್ಬಲ್ಲೇ ಕರಗೋದು, ಮಾಂಸದ ಅಂಟಿನಿಂದ ಗೊಜ್ಜು ಗಟ್ಟಿ ಆಗುತ್ತೆ. ಈ ಕೆಲಸಗಳನ್ನ ಬೇರೆ ಯಾವುದ್ರಿಂದ ಮಾಡಿಸ್ತೀವಿ ಅಂತ ಯೋಚ್ನೆ ಮಾಡಿದ್ರೆ ಚಿಲಿ ತಾನಾಗೇ ಸರಿ ಹೋಗುತ್ತೆ.

ಇಲ್ಲಿ ಇದಕ್ಕೆ ಎಷ್ಟು ಮರ್ಯಾದೆ ಅಂದ್ರೆ 1977ರಲ್ಲಿ ಚಿಲಿನ ರಾಜ್ಯದ ಅಧಿಕೃತ ತಿನಿಸು ಅಂತಾನೇ ಘೋಷಿಸಿದ್ದಾರೆ. 19ನೇ ಶತಮಾನದ ಕೊನೆ ಹೊತ್ತಿಗೆ ಸ್ಯಾನ್ ಆಂಟೋನಿಯೊ ಊರಿನ ಚೌಕಗಳಲ್ಲಿ ರಾತ್ರಿ ಹೊತ್ತು ಹೆಂಗಸರು ಒಲೆ ಹಚ್ಚಿ ಇದನ್ನ ಮಾರ್ತಿದ್ರು, ಅವರನ್ನ ಚಿಲಿ ಕ್ವೀನ್ಸ್ ಅಂತ ಕರೀತಿದ್ರು. ಹಳೇ ಟೆಕ್ಸಸ್‌ನವರು ಚಿಲಿಗೆ ಕಾಳೇ ಹಾಕಬಾರ್ದು ಅಂತಾರೆ, ಅವರ ಮಾತು ಅವರಿಗೆ, ಮಾಂಸ ತಿನ್ನದವರ ಮನೇಲಿ ಕಾಳೇ ಆಧಾರ.

ಮೊದಲು ಚಿಲ್ಲಿ ಪೌಡರ್ ವಿಷ್ಯ, ಇದು ತಪ್ಪಿದ್ರೆ ಉಳಿದಿದ್ದೆಲ್ಲಾ ದಂಡ. ನನ್ನ ಹತ್ರ ಅಡುಗೆ ಕಲಿಯೋಕೆ ಬರ್ತಿದ್ದ ಒಬ್ಬರು ಅಮೆರಿಕದ ರೆಸಿಪಿಲಿ ಮೂರು ಟೇಬಲ್ ಸ್ಪೂನ್ ಚಿಲ್ಲಿ ಪೌಡರ್ ಅಂತ ಓದಿ, ಊರಿಂದ ತಂದಿದ್ದ ಗುಂಟೂರು ಖಾರದ ಪುಡಿನೇ ಮೂರು ಸ್ಪೂನ್ ಹಾಕಿಬಿಟ್ಟಿದ್ರು, ಮಕ್ಕಳು ಒಂದು ತುತ್ತು ಬಾಯಿಗಿಟ್ಟು ಅಳೋಕೆ ಶುರು ಮಾಡಿದ್ವಂತೆ, ಇಡೀ ಪಾತ್ರೆ ಚೆಲ್ಲಬೇಕಾಯ್ತು. ಇಲ್ಲಿ ಆ ಹೆಸರಲ್ಲಿ ಸಿಗೋದು ಬರೀ ಮೆಣಸಿನಕಾಯಿ ಪುಡಿ ಅಲ್ಲ, ಖಾರ ಕಮ್ಮಿ ಇರೋ ಮೆಣಸಿನಕಾಯಿ ಜೊತೆ ಜೀರಿಗೆ, ಆರೆಗಾನೊ ಅನ್ನೋ ಘಮದ ಒಣ ಎಲೆ, ಬೆಳ್ಳುಳ್ಳಿ ಸೇರಿಸಿದ ಮಸಾಲೆ, ನಮ್ಮ ಸಾರಿನ ಪುಡಿ ಇದ್ದ ಹಾಗೆ.

ನಾನಂತೂ ಡಬ್ಬಿ ಪುಡಿ ಬಿಟ್ಟು ಮೆಣಸಿನಕಾಯಿನೇ ರುಬ್ಬಿ ಹಾಕ್ತೀನಿ. ಆಂಚೊ ಅಂತ ಸಿಗುತ್ತೆ, ಪೊಬ್ಲಾನೊ ಮೆಣಸಿನಕಾಯಿ ಹಣ್ಣಾದ ಮೇಲೆ ಒಣಗಿಸಿದ್ದು, ಕಪ್ಪು ಕೆಂಪು ಬಣ್ಣ, ಒಣದ್ರಾಕ್ಷಿ ತರ ಸಿಹಿ ವಾಸನೆ. ಕರ್ನಾಟಕದಲ್ಲಿ ಇರೋರು ಅದನ್ನ ಹುಡುಕ್ಕೊಂಡು ಹೋಗೋ ಅಗತ್ಯನೇ ಇಲ್ಲ, ಬ್ಯಾಡಗಿ ಇದೆಯಲ್ಲ, ಅದೂ ಬಣ್ಣ ಜಾಸ್ತಿ ಖಾರ ಕಮ್ಮಿ. ಕಾಲು ಕೇಜಿ ಒಣ ರಾಜ್ಮಾಗೆ ನಾಲ್ಕು ಆಂಚೊ, ಇಲ್ಲಾಂದ್ರೆ ಎಂಟು ಬ್ಯಾಡಗಿ ಜೊತೆ ಐದಾರು ಒಣದ್ರಾಕ್ಷಿ, ಖಾರಕ್ಕೆ ಒಂದೆರಡು ಗುಂಟೂರು. ಬೀಜ ಉದುರಿಸಿ ತವಾ ಮೇಲೆ ಸಣ್ಣ ಉರೀಲಿ ಘಮ ಬರೋ ತನಕ ಅಷ್ಟೇ ಬಿಸಿ ಮಾಡಿ, ಕಪ್ಪಾದ್ರೆ ಕಹಿ ಆಗುತ್ತೆ, ಬಿಸಿ ನೀರಲ್ಲಿ 20 ನಿಮಿಷ ನೆನೆಸಿ ನುಣ್ಣಗೆ ರುಬ್ಬಿ.

ಈಗ ಕಾಳು. ದಯವಿಟ್ಟು ನೆನೆಸಿದ ರಾಜ್ಮಾನ ಹಾಗೇ ಸ್ಲೋ ಕುಕ್ಕರಿಗೆ (ಸಣ್ಣ ಬಿಸೀಲಿ ಗಂಟೆಗಟ್ಟಲೆ ಬೇಯ್ಸೋ ಕರೆಂಟ್ ಪಾತ್ರೆ) ಹಾಕಬೇಡಿ, ಇದನ್ನ ನಾನು ಪ್ರತಿ ಕ್ಲಾಸಲ್ಲೂ ಹೇಳ್ತೀನಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನೋ ವಿಷದ ಅಂಶ ಇರುತ್ತೆ, ನಾಲ್ಕೈದು ಹಸಿ ಕಾಳು ತಿಂದ್ರೂ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರುವಾಗಬಹುದು. ಸ್ಲೋ ಕುಕ್ಕರ್ ಬಿಸಿ ಕುದಿಯೋ ಮಟ್ಟಕ್ಕೆ ಬರದೇ ಹೋದ್ರೆ ಆ ಅಂಶ ಸಾಯಲ್ಲ, ಅರೆಬೆಂದ ಕಾಳಲ್ಲಿ ಇನ್ನೂ ಹೆಚ್ಚಾಗೋದೂ ಉಂಟು. ರಾತ್ರಿ ಪೂರ್ತಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿಗೆ ಉಪ್ಪು ಹಾಕಿ ನಮ್ಮ ಪ್ರೆಷರ್ ಕುಕ್ಕರಲ್ಲಿ ಬೆರಳಲ್ಲಿ ಒತ್ತಿದ್ರೆ ಬೆಣ್ಣೆ ತರ ಮೆತ್ತಗಾಗೋ ತನಕ ಬೇಯ್ಸಿ. ಟಿನ್ನಲ್ಲಿ ಬರೋ ರಾಜ್ಮಾ ಬೆಂದೇ ಇರುತ್ತೆ, ಅದಕ್ಕೆ ಭಯ ಇಲ್ಲ. ಕಾಳು ಬೇಯೋ ಮುಂಚೆ ಮಾತ್ರ ಟೊಮೆಟೊ ಹಾಕಬೇಡಿ, ಹುಳಿ ಬಿದ್ರೆ ಕಾಳು ಬಿರುಸಾಗೇ ಉಳಿಯುತ್ತೆ, ಹುರುಳಿಕಾಳು ಬೆಂದ ಮೇಲೇ ಅಮ್ಮ ಹುಣಸೆಹುಳಿ ಹಾಕ್ತಿದ್ದದ್ದು ಅದಕ್ಕೇ. ಕಾಳು ಬೆಂದ ನೀರು ಚೆಲ್ಲಬೇಡಿ, ಎತ್ತಿಡಿ.

ಮಾಂಸದ ಜಾಗಕ್ಕೆ ನಾನು ಹಾಕೋದು ಅಣಬೆ, ಕಾಲು ಕೇಜಿ. ಉಪ್ಪಿಟ್ಟಿನ ಈರುಳ್ಳಿಗಿಂತ ಸಣ್ಣಗೆ ಹೆಚ್ಚಿ ದಪ್ಪ ತಳದ ಪಾತ್ರೇಲಿ ಎಣ್ಣೆ ಇಲ್ದೇ ಜೋರು ಉರೀಲಿ ಹಾಕಿ. ಮೊದ್ಲು ನೀರು ಬಿಟ್ಕೊಂಡು ಸೊರಗುತ್ತೆ, ಅಷ್ಟಕ್ಕೇ ನಿಲ್ಲಿಸಬೇಡಿ, ನೀರೆಲ್ಲಾ ಆರಿ ಚಟಪಟ ಸದ್ದು ಬಂದು ತಳ ಕಂದು ಬಣ್ಣಕ್ಕೆ ತಿರುಗಿದ ಮೇಲೆ ನಾಲ್ಕು ಟೇಬಲ್ ಸ್ಪೂನ್ ಎಣ್ಣೆ ಹಾಕಿ, ಎಣ್ಣೆಲಿ ಕಂಜೂಸ್ ಮಾಡಿದ್ರೆ ಮೆಣಸಿನಕಾಯಿ ಬಣ್ಣನೇ ಏಳಲ್ಲ. ಆಮೇಲೆ ಈರುಳ್ಳಿ, ಬೆಳ್ಳುಳ್ಳಿ, ಎರಡು ಟೀ ಸ್ಪೂನ್ ಹುರಿದ ಜೀರಿಗೆ ಪುಡಿ, ಒಂದು ಸ್ಪೂನ್ ಆರೆಗಾನೊ, ಎರಡು ಟೇಬಲ್ ಸ್ಪೂನ್ ಟೊಮೆಟೊ ಪೇಸ್ಟ್ ಹಾಕಿ ಇಟ್ಟಿಗೆ ಬಣ್ಣ ಬರೋ ತನಕ ಹುರಿದು, ರುಬ್ಬಿದ ಮೆಣಸಿನಕಾಯಿ ಸೇರಿಸಿ ಎಣ್ಣೆ ಬಿಡೋವರೆಗೂ ಬಾಡಿಸಿ. ಇದೇ ಹಂತದಲ್ಲಿ ಎಲ್ಲರೂ ಅವಸರ ಮಾಡೋದು. ಮೂರು ಟೊಮೆಟೊನ ಉರಿ ಮೇಲೆ ಬದನೆಕಾಯಿ ಸುಟ್ಟ ಹಾಗೆ ಸುಟ್ಟು ಕಿವುಚಿ ಹಾಕಿದ್ರೆ ಹೊಗೆ ವಾಸನೆನೂ ಬರುತ್ತೆ, ಜೊತೆಗೆ ಒಂದು ಸ್ಪೂನ್ ಸೋಯಾ ಸಾಸ್.

ಕಾಳಿನ ನೀರು ಒಂದು ಲೋಟ ಉಳಿಸ್ಕೊಂಡು, ಕಾಳು, ಮಿಕ್ಕ ನೀರು, ಮೂರು ಟೇಬಲ್ ಸ್ಪೂನ್ ಗೋಧಿ ನುಚ್ಚು ಹಾಕಿ 40 ನಿಮಿಷ ಸಣ್ಣಗೆ ಕುದಿಸಿ, ಆಗಾಗ ಕೈಯಾಡಿಸ್ತಾ ಇರಿ. ನುಚ್ಚು ಬಾಯಿಗೆ ಖೀಮಾ ತರ ಸಿಗುತ್ತೆ. ಮೀಲ್ ಮೇಕರ್ ಹಾಕೋರೂ ಇದ್ದಾರೆ, ನನಗೆ ಅದ್ರ ಹಸಿ ವಾಸನೆ ಹಿಡಿಸಲ್ಲ. ಕೊನೇಲಿ ಒಂದು ಸೌಟು ಕಾಳು ಪಾತ್ರೆ ಗೋಡೆಗೆ ಒತ್ತಿ ಮಸೆದು ಕಲಸಿದ್ರೆ ಗೊಜ್ಜು ಕೂಡ್ಕೊಳ್ಳುತ್ತೆ, ಉಪ್ಪು ಆಗ ನೋಡಿ.

ಇಲ್ಲಿನವರು ಕಾರ್ನ್‌ಬ್ರೆಡ್ (ಮೆಕ್ಕೆಜೋಳದ ಹಿಟ್ಟಿನ ಬ್ರೆಡ್) ಜೊತೆ ತಿಂತಾರೆ, ನಮ್ಮನೇಲಿ ಜೋಳದ ರೊಟ್ಟಿ, ಮೇಲೆ ಹಸಿ ಈರುಳ್ಳಿ, ನಿಂಬೆ. ಆಗೋದಾದ್ರೆ ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಡಿ, ಮಾರನೇ ದಿನ ಖಾರ ಕಾಳಿನೊಳಗೆ ಇಳಿದು ರುಚಿನೇ ಬೇರೆ, ಗಟ್ಟಿ ಆಗಿರುತ್ತೆ, ಉಳಿದಿರೋ ಕಾಳಿನ ನೀರು ಒಂದು ಲೋಟ ಸೇರಿಸಿ ಬಿಸಿ ಮಾಡಿ.