ಒಟ್ಟಾವಾ ಕೊಟ್ಟ ಸ್ಕಾಲರ್‌ಶಿಪ್ ಯಾರ ಜೇಬಿಗೆ?

"ಮೇಡಂ, ಫೆಡರಲ್ ಗ್ರಾಂಟ್ ಜಾಸ್ತಿ ಮಾಡಿದ್ದಾರೆ ಅಂತ ನ್ಯೂಸ್‌ನಲ್ಲಿ ಬಂತು. ನಮ್ಮ ಹುಡುಗನಿಗೆ ಒಟ್ಟಾರೆ ಹೋದ ವರ್ಷದಷ್ಟೇ ಬಂದಿದೆಯಲ್ಲ?"

ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಹಣಕಾಸು ನೆರವಿನ ಕೆಲಸ ನನ್ನದು. ಬ್ರಾಂಪ್ಟನ್, ಮಿಸ್ಸಿಸಾಗಾ ಕಡೆಯ ಕನ್ನಡದ ಅಪ್ಪ ಅಮ್ಮಂದಿರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಅವರ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಒಂದು ಸರ್ಕಾರ ಜಾಸ್ತಿ ಕೊಟ್ಟಾಗ ಇನ್ನೊಂದು ಸರ್ಕಾರಕ್ಕೆ ತನ್ನ ಪಾಲು ಇಳಿಸಿಕೊಳ್ಳುವ ಅವಕಾಶ ಸಿಗುತ್ತದೆ. ಕೆನಡಾದಲ್ಲಿ ಈ ಜಗಳಕ್ಕೆ ಎಪ್ಪತ್ತು ವರ್ಷಕ್ಕೂ ಹೆಚ್ಚಿನ ವಯಸ್ಸು.

1867ರ ಸಂವಿಧಾನದ 93ನೇ ಸೆಕ್ಷನ್ ಪ್ರಕಾರ ಶಿಕ್ಷಣ ಪ್ರಾಂತ್ಯಗಳ ವಿಷಯ. ಒಟ್ಟಾವಾಕ್ಕೆ, ಅಂದರೆ ಕೇಂದ್ರದ ಫೆಡರಲ್ ಸರ್ಕಾರಕ್ಕೆ, ಅಲ್ಲಿ ನೇರ ಅಧಿಕಾರ ಇಲ್ಲ. ಆದರೆ ತೆರಿಗೆಯ ದುಡ್ಡು ಇದೆ, ಖರ್ಚು ಮಾಡುವ ಆಸೆಯೂ ಇದೆ. 1951ರಲ್ಲಿ ಫೆಡರಲ್ ಸರ್ಕಾರ ವಿಶ್ವವಿದ್ಯಾಲಯಗಳಿಗೆ ನೇರ ಅನುದಾನ ಕೊಡಲು ಶುರು ಮಾಡಿತು. ಕ್ವಿಬೆಕ್ ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಮೋರಿಸ್ ಡುಪ್ಲೆಸಿ ಮೊದಲ ವರ್ಷ ಒಪ್ಪಿಕೊಂಡು, ಆಮೇಲೆ ಬೇಡವೇ ಬೇಡ ಅಂದರು. ದುಡ್ಡಿಲ್ಲದೆ ಒದ್ದಾಡುತ್ತಿದ್ದ ವಿಶ್ವವಿದ್ಯಾಲಯಗಳು ಕಣ್ಣ ಮುಂದಿನ ದುಡ್ಡು ಮುಟ್ಟದೆ ಕೂರಬೇಕಾಯಿತು.

1964ರ ಸ್ಟೂಡೆಂಟ್ ಲೋನ್ ಕಾನೂನು ಬರೆದವರು ಈ ಪಾಠ ಕಲಿತಿದ್ದರು ಅನಿಸುತ್ತದೆ. ಪ್ರಾಂತ್ಯವೊಂದಕ್ಕೆ ಈ ಯೋಜನೆ ಬೇಡವಾದರೆ ಹೊರಗುಳಿಯಬಹುದು. ತನ್ನದೇ ಯೋಜನೆ ನಡೆಸಿದರೆ ಅದಕ್ಕೆ ಬದಲಿ ಮೊತ್ತ ಸಿಗುತ್ತದೆ. ಕ್ವಿಬೆಕ್ ಹೊರಗುಳಿಯಿತು. ಇವತ್ತು ಅದರ ಜೊತೆಗೆ ನಾರ್ತ್‌ವೆಸ್ಟ್ ಟೆರಿಟರೀಸ್ ಮತ್ತು ನುನಾವುಟ್ ಕೂಡ ಹೊರಗಿವೆ. ಸಣ್ಣ ಕಲಮು, ಆದರೆ ದೊಡ್ಡ ಜಗಳಕ್ಕೆ ಮದ್ದು. ನನ್ನ ಪ್ರಕಾರ ಈ ಇಡೀ ಚರಿತ್ರೆಯಲ್ಲಿ ತಲೆ ಓಡಿಸಿ ಮಾಡಿದ ಕೆಲಸ ಅಂದ್ರೆ ಇದೊಂದೇ.

ಅದನ್ನು ಪಕ್ಕಕ್ಕಿಟ್ಟು ಮಾಡಿದ್ದು ಮಿಲೇನಿಯಂ ಸ್ಕಾಲರ್‌ಶಿಪ್. 1997ರಲ್ಲಿ ಪ್ರಧಾನಿ ಜಾನ್ ಕ್ರೆಟ್ಯೆನ್ ಘೋಷಿಸಿದರು, 1998ರ ಬಜೆಟ್‌ನಲ್ಲಿ ಹಣಕಾಸು ಸಚಿವ ಪಾಲ್ ಮಾರ್ಟಿನ್ 250 ಕೋಟಿ ಡಾಲರ್ ತೆಗೆದಿಟ್ಟರು. 2000ದಿಂದ ಹತ್ತು ವರ್ಷ, ವರ್ಷಕ್ಕೆ ಸುಮಾರು ಒಂದು ಲಕ್ಷ ವಿದ್ಯಾರ್ಥಿಗಳಿಗೆ ಸರಾಸರಿ 3,000 ಡಾಲರ್. ಇದಕ್ಕಾಗಿ ಒಂದು ಸ್ವತಂತ್ರ ಫೌಂಡೇಶನ್ ಹುಟ್ಟಿತು. ಕ್ವಿಬೆಕ್ ಸಿಡಿದೆದ್ದಿತು. ಅದರ ವಾದ ಹೀಗಿತ್ತು: ನಮ್ಮಲ್ಲಿ ಬರ್ಸರಿ (ವಾಪಸ್ ಕಟ್ಟಬೇಕಿಲ್ಲದ ನೆರವು) ಕೊಡುವ ವ್ಯವಸ್ಥೆ 1960ರ ದಶಕದಿಂದ ಇದೆ, ನಮ್ಮ ಮಕ್ಕಳ ಸಾಲ ದೇಶದಲ್ಲೇ ಕಡಿಮೆ. ದುಡ್ಡು ನಮಗೆ ಕೊಡಿ, ಎಲ್ಲಿ ಕೊರತೆ ಇದೆಯೋ ಅಲ್ಲಿ ಹಾಕುತ್ತೇವೆ. 1998ರ ಮೇ ತಿಂಗಳಲ್ಲಿ ಅಲ್ಲಿನ ವಿಧಾನಸಭೆ ಒಂದೇ ದನಿಯಲ್ಲಿ ನಿರ್ಣಯ ಮಾಡಿತು. ಕ್ವಿಬೆಕ್ ಕೆನಡಾದಿಂದ ಬೇರೆಯಾಗುವುದು ಬೇಡ ಅನ್ನುವ ಲಿಬರಲ್ಲರೂ ಕೈ ಎತ್ತಿದ್ದರು. ಇದನ್ನು ಬರೀ ಪ್ರತ್ಯೇಕತಾವಾದಿಗಳ ಹಟ ಅಂತ ತಳ್ಳಿಹಾಕಲು ಆಗದ್ದು ಅದಕ್ಕೇ. ಮಾತುಕತೆ ಎಳೆದೂ ಎಳೆದೂ 1999ರ ಕೊನೆಗೆ ಒಪ್ಪಂದಕ್ಕೆ ಬಂತು. ದುಡ್ಡು ಕ್ವಿಬೆಕ್‌ನ ಸ್ವಂತ ನೆರವು ವ್ಯವಸ್ಥೆಯ ಮೂಲಕವೇ ವಿದ್ಯಾರ್ಥಿಗಳಿಗೆ ಹೋಗಲು ದಾರಿಯಾಯಿತು.

ಎಲ್ಲರೂ ಕ್ವಿಬೆಕ್ ಕಡೆ ನೋಡುತ್ತಿದ್ದಾಗ ಒಂಟಾರಿಯೊ ಗಲಾಟೆ ಮಾಡದೆ ಯೋಜನೆಗೆ ಸೇರಿತು. ಅಲ್ಲೇನಾಯಿತು ಅನ್ನೋದನ್ನು ಲೆಕ್ಕ ಹಾಕಿಯೇ ನೋಡಬೇಕು.

ಆಗ ಒಂಟಾರಿಯೊದಲ್ಲಿ ಒಂದು ನಿಯಮವಿತ್ತು. ಎರಡು ಟರ್ಮಿನ ಒಂದು ವರ್ಷಕ್ಕೆ 7,000 ಡಾಲರ್ ಮೇಲಿನ ಸಾಲವನ್ನು ಪ್ರಾಂತ್ಯವೇ ಮನ್ನಾ ಮಾಡುತ್ತಿತ್ತು. ಒಬ್ಬ ಹುಡುಗಿಗೆ 9,000 ಡಾಲರ್ ಸಾಲ ಮಂಜೂರಾಗಿದೆ ಅಂತಿಟ್ಟುಕೊಳ್ಳಿ. ವರ್ಷದ ಕೊನೆಗೆ ಪ್ರಾಂತ್ಯ 2,000 ಮನ್ನಾ ಮಾಡಬೇಕು, ಅವಳ ತಲೆಮೇಲೆ 7,000 ಉಳಿಯುತ್ತದೆ. ಈಗ 3,000ದ ಮಿಲೇನಿಯಂ ಬರ್ಸರಿ ಬಂತು. ಅದು ಸಾಲಕ್ಕೇ ಜಮಾ. 9,000 ಇದ್ದದ್ದು 6,000 ಆಯಿತು. ಮೊದಲಿನ ಲೆಕ್ಕದಲ್ಲಿ 7,000 ಉಳಿಯುತ್ತಿತ್ತು, ಹಾಗಾಗಿ ಅವಳಿಗೆ ಆದ ಲಾಭ 1,000. ಮಿಕ್ಕ 2,000? ಅದು ಪ್ರಾಂತ್ಯ ಮನ್ನಾ ಮಾಡಬೇಕಾಗಿದ್ದ ದುಡ್ಡು, ಈಗ ಮಾಡಬೇಕಾಗಿಲ್ಲ. ಒಟ್ಟಾವಾದ ಹೆಸರಲ್ಲಿ ಅವಳ ಕೈಗೆ ಪತ್ರ ಬಂತು. ದುಡ್ಡಿನ ಮೂರರಲ್ಲಿ ಎರಡು ಪಾಲು ಟೊರಾಂಟೊದಲ್ಲಿರುವ ಪ್ರಾಂತ್ಯದ ಖಜಾನೆ ಸೇರಿತು.

ಯಾರೂ ಕದ್ದಿಲ್ಲ, ನಿಯಮವೇ ಹಾಗಿತ್ತು. ಉಳಿದ ದುಡ್ಡನ್ನು ಮತ್ತೆ ವಿದ್ಯಾರ್ಥಿಗಳಿಗೇ ಹಾಕಬೇಕು ಅಂತ ಫೌಂಡೇಶನ್ ಪ್ರಾಂತ್ಯಗಳ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಆದರೆ ಅದು ಅದೇ ಹುಡುಗಿಗೆ ಸಿಗಬೇಕು ಅಂತೇನಿಲ್ಲ. ಬೇರೆ ಯೋಜನೆಯಲ್ಲಿ ಬೇರೆ ಯಾರಿಗೋ ಹೋಗಬಹುದಿತ್ತು.

ಹಾಗಂತ ಕ್ವಿಬೆಕ್ ಸರ್ಕಾರವನ್ನು ಹೊಗಳಲು ಹೊರಟರೆ ಅದೂ ಕಷ್ಟ. 2004ರಲ್ಲಿ ಜಾನ್ ಶಾರೆ ಸರ್ಕಾರ ಬರ್ಸರಿಯಿಂದ 10.3 ಕೋಟಿ ಡಾಲರ್ ತೆಗೆದು ಅದನ್ನು ಸಾಲವಾಗಿ ಬದಲಿಸಿತು. 2005ರಲ್ಲಿ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಏಪ್ರಿಲ್‌ನಲ್ಲಿ ರಾಜಿಯಾದಾಗ ಅದಕ್ಕೆ ಹೊಂದಿಸಿದ ದುಡ್ಡಿನಲ್ಲಿ ಮಿಲೇನಿಯಂ ಫೌಂಡೇಶನ್ನಿನದೂ ಒಂದು ಪಾಲಿತ್ತು! ಬೇಡ ಅಂದಿದ್ದ ದುಡ್ಡೇ ಕಷ್ಟಕಾಲಕ್ಕೆ ಬಂತು. ಅಧಿಕಾರ ಯಾರದು ಅನ್ನುವುದರಲ್ಲಿ ಕ್ವಿಬೆಕ್ ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ದುಡ್ಡನ್ನು ವಿದ್ಯಾರ್ಥಿಗಳ ತನಕ ತಂದದ್ದು ಬಹುಪಾಲು ವಿದ್ಯಾರ್ಥಿ ಸಂಘಟನೆಗಳ ಗಂಟಲು.

ನಮ್ಮೂರಿನವರಿಗೆ ಇದು ತೀರಾ ಹೊಸ ಕತೆಯೇನಲ್ಲ. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ನಲ್ಲಿ ಕೇಂದ್ರದ ನೆರವು 2017ರಿಂದ 2020ರ ನಡುವೆ ಇಡೀ ದೇಶಕ್ಕೆ ವರ್ಷಕ್ಕೆ 1,100 ಕೋಟಿ ರೂಪಾಯಿ ಆಸುಪಾಸಿಗೆ ಇಳಿದಿತ್ತು. ಉಳಿದ ಭಾರ ರಾಜ್ಯಗಳದು. 2020ರ ಡಿಸೆಂಬರ್‌ನಲ್ಲಿ 60:40 ಅಂತ ಹಂಚಿಕೆಯಾಯಿತು. ರಾಜ್ಯ ತನ್ನ 40 ಹಾಕಿದ ಮೇಲೆ ಕೇಂದ್ರದ 60 ನೇರ ವಿದ್ಯಾರ್ಥಿಯ ಖಾತೆಗೆ. ಯಾರು ಮೊದಲು ಹಾಕಬೇಕು ಅನ್ನುವುದಾದರೂ ಅಲ್ಲಿ ಬರೆದಿಟ್ಟಿದೆ.

ಇಲ್ಲಿ 2008ರ ಬಜೆಟ್‌ನಲ್ಲಿ ಫೌಂಡೇಶನ್ನಿಗೆ ತೆರೆ ಬಿತ್ತು. 2009ರಿಂದ ಅದರ ಜಾಗಕ್ಕೆ ಕೆನಡಾ ಸ್ಟೂಡೆಂಟ್ ಗ್ರಾಂಟ್ ಬಂದಿದೆ. ಕಡಿಮೆ ಆದಾಯದ ಮನೆಯ ಫುಲ್‌ಟೈಮ್ ವಿದ್ಯಾರ್ಥಿಗೆ ವರ್ಷಕ್ಕೆ 2,000 ಇದ್ದದ್ದು 2016ರಲ್ಲಿ 3,000 ಆಯಿತು, ಕೋವಿಡ್ ಕಾಲದಲ್ಲಿ 6,000, 2023ರಲ್ಲಿ 4,200. ನಿಮ್ಮ ಓಸ್ಯಾಪ್ (ಒಂಟಾರಿಯೊದ ವಿದ್ಯಾರ್ಥಿ ನೆರವು ಯೋಜನೆ) ಅರ್ಜಿ ಒಂದೇ. ಆದರೆ ಅದರೊಳಗೆ ಎರಡು ಸರ್ಕಾರ ಕೂತಿವೆ. ಫೆಡರಲ್ ಪಾಲು ನೂರಕ್ಕೆ ಸುಮಾರು 60, ಪ್ರಾಂತ್ಯದ್ದು 40. ಒಟ್ಟಾವಾ ಏರಿಸಿದಾಗ ಪ್ರಾಂತ್ಯ ಇಳಿಸಬಹುದು, ಪ್ರಾಂತ್ಯ ಏರಿಸಿದಾಗ ಒಟ್ಟಾವಾ ಇಳಿಸಬಹುದು. 2017ರಲ್ಲಿ ಒಂಟಾರಿಯೊ "ಉಚಿತ ಟ್ಯೂಷನ್" ಅಂತ ಧಾರಾಳವಾಗಿ ಗ್ರಾಂಟ್ ಕೊಟ್ಟಿತು. 2018ರಲ್ಲಿ ಸರ್ಕಾರ ಬದಲಾಗಿ, 2019ರಲ್ಲಿ ಗ್ರಾಂಟ್‌ಗೆ ಇದ್ದ ಆದಾಯದ ಮಿತಿ 1,75,000ದಿಂದ 1,40,000 ಡಾಲರ್‌ಗೆ ಇಳಿಯಿತು. ಆ ಎರಡೂ ವರ್ಷ ನಮ್ಮ ಕೌಂಟರ್ ಮುಂದೆ ಉದ್ದ ಕ್ಯೂ. ಒಮ್ಮೆ ನಗುಮುಖ, ಒಮ್ಮೆ ಜೋಲುಮುಖ, ಅಷ್ಟೇ ವ್ಯತ್ಯಾಸ.

ಸಾಲದ ಲೆಕ್ಕದಲ್ಲೂ ಎರಡು ಭಾಗ ಇದೆ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. 2023ರ ಏಪ್ರಿಲ್ 1ರಿಂದ ಫೆಡರಲ್ ಪಾಲಿಗೆ ಬಡ್ಡಿ ಇಲ್ಲ. ಒಂಟಾರಿಯೊ ಪಾಲಿಗೆ ಇದೆ. ಓದು ಮುಗಿದ ಮೊದಲ ಆರು ತಿಂಗಳು ಕಂತು ಕಟ್ಟಬೇಕಾಗಿಲ್ಲದಿದ್ದರೂ 2019ರ ನಂತರ ಪ್ರಾಂತ್ಯದ ಪಾಲಿಗೆ ಆಗಲೂ ಬಡ್ಡಿ ಓಡುತ್ತಿರುತ್ತದೆ. ಬ್ರಿಟಿಷ್ ಕೊಲಂಬಿಯಾ ತನ್ನ ಬಡ್ಡಿಯನ್ನು 2019ರಲ್ಲೇ ತೆಗೆದುಹಾಕಿತು. ಹಾಗಾಗಿ "ಸ್ಟೂಡೆಂಟ್ ಲೋನ್‌ಗೆ ಬಡ್ಡಿ ಇಲ್ವಂತೆ" ಅನ್ನೋ ವಾಟ್ಸಾಪ್ ಮಾತು ಅಲ್ಲಿನ ವ್ಯಾಂಕೂವರ್‌ನ ನಿಮ್ಮ ತಮ್ಮನ ಮಗನಿಗೆ ನಿಜ, ನಿಮ್ಮ ಮಗಳಿಗೆ ಅರ್ಧ ನಿಜ.

ಸ್ಟಡಿ ಪರ್ಮಿಟ್ ಮೇಲೆ ಬಂದವರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಪಿಆರ್ (ಕಾಯಂ ವಾಸದ ಅನುಮತಿ), ಪೌರತ್ವ ಅಥವಾ ನಿರಾಶ್ರಿತರ ರಕ್ಷಣೆ ಇರಬೇಕು.

ಕೊನೆಗೊಂದು ವಿಷಯ, ಊರು ಬದಲಿಸುವವರಿಗೆ. ಮಗ ಮಾಂಟ್ರಿಯಲ್‌ನಲ್ಲಿ ಓದಿದ ಮಾತ್ರಕ್ಕೆ ಅವನು ಕ್ವಿಬೆಕ್‌ನ ನೆರವಿಗೆ ಸೇರುವುದಿಲ್ಲ. ಅಪ್ಪ ಅಮ್ಮನನ್ನು ನೆಚ್ಚಿದ ವಿದ್ಯಾರ್ಥಿಗೆ ಸಾಮಾನ್ಯವಾಗಿ ಅವರು ವಾಸವಿರುವ ಪ್ರಾಂತ್ಯವೇ ಲೆಕ್ಕ. ನೀವು ಒಂಟಾರಿಯೊದಲ್ಲಿದ್ದರೆ ಅರ್ಜಿ ಓಸ್ಯಾಪ್‌ಗೇ ಹಾಕಿ. ಮನೆಯವರೆಲ್ಲ ಕ್ವಿಬೆಕ್‌ಗೆ ಹೋಗುತ್ತಿದ್ದರೆ ಹೊರಡುವ ಮೊದಲು ಎರಡೂ ಕಡೆಯ ವಾಸದ ನಿಯಮ ಕೇಳಿ ತಿಳಿದುಕೊಳ್ಳಿ, ಬಾಡಿಗೆ ಕರಾರಿನ ಕಾಗದ ಜೋಪಾನವಾಗಿಡಿ. ಅಲ್ಲಿನ ವ್ಯವಸ್ಥೆಯಲ್ಲಿ ಕೆನಡಾ ಸ್ಟೂಡೆಂಟ್ ಗ್ರಾಂಟ್ ಅನ್ನುವ ಹೆಸರೇ ಇರುವುದಿಲ್ಲ. ಮೊದಲು ಸಾಲ, ಅದರ ಮಿತಿ ದಾಟಿದ ಮೇಲೆ ಉಳಿದ ಅಗತ್ಯಕ್ಕೆ ಬರ್ಸರಿ, ಎರಡೂ ಕ್ವಿಬೆಕ್ ಹೆಸರಲ್ಲೇ ಬರುತ್ತವೆ.